ಗುಂಡಿ ಡಬ್ಬಿಯ ಮಾತ್ರೆಗಳು

ನನ್ನ ಬಾಯಿ ಸ್ವಲ್ಪ ಜೋರು. ಬಟ್ಟೆ ಹೊಲಿಸಲು ಬರುವವರಿಗೂ ಗೊತ್ತು, ಮಾವನಿಗಂತೂ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಅವರ ಕೈಗೆ ಬಿಪಿ ಮಾತ್ರೆ ಇಟ್ಟು, "ನುಂಗಿ" ಎಂದು ಹೇಳಿಯೇ ನಾನು ಮಷಿನ್ ಮುಂದೆ ಕೂರುವುದು.

ಆವತ್ತು ಕಾಲರ್ ಕೂರಿಸುತ್ತಿದ್ದಾಗ ಹಿಂದೆ ಡಬ್ಬಿ ಬಿದ್ದ ಸದ್ದಾಯಿತು. ತಿರುಗಿದರೆ, ಹಳೇ ಅಂಗಿಗಳಿಂದ ಬಿಚ್ಚಿಟ್ಟ ಬಿಳಿ ಗುಂಡಿಗಳೆಲ್ಲ ನೆಲದ ಪಾಲು. ನಮ್ಮ ನಾಯಿ ದೊರೆ ಅದರಲ್ಲಿ ಆರಿಸಿ ಆರಿಸಿ ಏನನ್ನೋ ಮೆಲ್ಲುತ್ತಿದ್ದ.

"ಅಯ್ಯೋ ನಿನ್ನ! ಗುಂಡಿ ತಿನ್ನೋಷ್ಟು ಬರಗೆಟ್ಟಿದೀಯಾ?"

ಬಾಯಿಗೆ ಬೆರಳು ಹಾಕಿ ಒಂದು ಚೂರು ತೆಗೆದೆ. ಹಿಸುಕಿದರೆ ಪುಡಿಯಾಯಿತು. ನೆಲದ ಮೇಲೆ ಹುಡುಕಿದೆ. ನಾಲ್ಕು ತೂತಿನ ಗುಂಡಿಗಳ ನಡುವೆ ತೂತೇ ಇಲ್ಲದವು ಎರಡಿದ್ದವು. ನಾನೇ ಕೊಟ್ಟ ಮಾತ್ರೆಗಳು! ನಾಯಿ ಡಾಕ್ಟರಿಗೆ ಫೋನ್ ಮಾಡಿದೆ.

"ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ಲಾ?"

"ನೀವಾಗೇ ಏನೂ ಕುಡಿಸ್ಬೇಡಿ. ಮಾತ್ರೆ ಶೀಟ್ ತಗೊಂಡು ಈಗ್ಲೇ ಬನ್ನಿ. ಎಷ್ಟು ನುಂಗಿದೆ, ಅದು ಗೊತ್ತಾಗ್ಬೇಕು."

ಎಷ್ಟು? ಬಾಗಿಲಲ್ಲಿ ಮಾವ ನಾಯಿಯ ಬೆಲ್ಟ್ ಹಿಡಿದು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಹನ್ನೊಂದು ದಿನದಿಂದ ಅದ್ರಲ್ಲಿ ಹಾಕ್ತಿದ್ದೆ ಕಣಮ್ಮ," ಎಂದರು.

"ಎರಡು ಇಲ್ಲಿವೆ. ಹಾಗಾದ್ರೆ ಒಂಬತ್ತು, ಡಾಕ್ಟ್ರೇ," ಎಂದೆ ಫೋನಿನಲ್ಲಿ.

ಆಸ್ಪತ್ರೆಗೆ ಹೋದ ಕೂಡಲೇ ಡಾಕ್ಟರ್ ದೊರೆಗೆ ಸೂಜಿ ಚುಚ್ಚಿ ವಾಂತಿ ಮಾಡಿಸಿದರು, ಡ್ರಿಪ್ ಹಾಕಿದರು. "ಲೆಕ್ಕ ಸಿಕ್ಕಿದ್ದು ಒಳ್ಳೇದಾಯ್ತು. ಸಂಜೆವರೆಗೂ ನೋಡ್ಬೇಕು," ಎಂದರು.

ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದೆ, "ಯಾಕೆ ಮಾವ?"

"ನುಂಗಿದ್ರೆ ತಲೆ ಸುತ್ತುತ್ತಮ್ಮ. ಹೇಳಿದ್ರೆ ದೊರೆ ಜೊತೆ ವಾಕಿಂಗ್ ಹೋಗೋದನ್ನೇ ನಿಲ್ಲಿಸಿಬಿಡ್ತೀಯ. ಕಸದ ಬುಟ್ಟಿಗೆ ಹಾಕಿದ್ರೆ ನಿನ್ನ ಕಣ್ಣಿಗೆ ಬೀಳ್ತಿತ್ತು."

"ನಿಮ್ಮ ಡಾಕ್ಟ್ರಿಗಾದ್ರೂ ಹೇಳ್ಬೋದಿತ್ತಲ್ಲ?"

"ಅಲ್ಲಿಗೂ ನೀನೇ ಬರ್ತೀಯಲ್ಲ."

ಬೈಗುಳ ನಾಲಿಗೆ ತುದಿಯಲ್ಲೇ ಇತ್ತು, ಹೊರಗೆ ಬರಲಿಲ್ಲ. ಈ ಮನುಷ್ಯ ಕಾಯಿಲೆಗಿಂತ ನನಗೇ ಹೆಚ್ಚು ಹೆದರಿದ್ದರು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಸಂಜೆ ದೊರೆ ಎದ್ದು ನಿಂತು ಬಾಲ ಆಡಿಸಿದ. ಮಾವ ಅವನ ಕುತ್ತಿಗೆ ತಬ್ಬಿಕೊಂಡು ಮಗುವಿನ ಹಾಗೆ ಅತ್ತುಬಿಟ್ಟರು.

ಮರುದಿನ ಮಾವನ ಡಾಕ್ಟರ ಹತ್ತಿರ ಹೋದೆವು. "ನೀವೊಬ್ರೇ ಒಳಗೆ ಹೋಗಿ, ಎಲ್ಲಾ ಹೇಳಿ," ಎಂದು ನಾನು ಹೊರಗೇ ಕೂತೆ. ಅವರು ಬಾಗಿಲವರೆಗೆ ಹೋಗಿ, ಅನುಮಾನದಿಂದ ತಿರುಗಿ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.