ಮೀನಿಲ್ಲದ ಸಮುದ್ರ

ಅಮ್ಮನಿಗೆ ಸಮುದ್ರ ತೋರಿಸುವ ಜವಾಬ್ದಾರಿಯನ್ನು ಅನಂತ್ ವಹಿಸಿಕೊಂಡ ದಿನವೇ ಮರುದೇವಮ್ಮನಿಗೆ ಸ್ವಲ್ಪ ಭಯವಾಯಿತು. ಮಗನ ಸ್ವಭಾವ ಅವರಿಗೆ ಗೊತ್ತಿತ್ತು. ಅವನು ಒಂದು ಕೆಲಸ ಹಿಡಿದನೆಂದರೆ ಅದು ಸುಲಭವಾಗಿ ಆಗಲು ಬಿಡುವವನಲ್ಲ. ಚನ್ನರಾಯಪಟ್ಟಣದ ಪೇಟೆಯಲ್ಲಿ ಅವನದು ಸ್ಟೀಲ್ ಪಾತ್ರೆ ಅಂಗಡಿ. ಒಂದು ಲೋಟ ಕೊಳ್ಳಲು ಬಂದವರ ಮುಂದೆ ಹತ್ತು ಲೋಟ ಹರಡಿ, ಒಂದೊಂದನ್ನೂ ಬೆರಳಿನಿಂದ ತಟ್ಟಿ ತೋರಿಸಿ, ಹನ್ನೊಂದನೆಯದಕ್ಕೆ ಏಣಿ ಹತ್ತುವ ಆಸಾಮಿ. ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಯಲ್ಲಿ ಲೋಟ ಕೊಂಡು ಮನೆ ಸೇರಿರುತ್ತಿದ್ದ.

ಮರುದೇವಮ್ಮನ ಆಸೆಯಾದರೋ ಬಹಳ ಚಿಕ್ಕದು. ಸಮುದ್ರದ ನೀರಿನಲ್ಲಿ ಒಂದು ಸಲ ಕಾಲಿಟ್ಟು ನಿಲ್ಲಬೇಕು, ಅಷ್ಟೇ. ಈ ಹುಚ್ಚು ಹಿಡಿಸಿದವಳು ಎದುರು ಮನೆಯ ಆಶಾರಾಣಿ, ಹಳ್ಳಿಮೈಸೂರಿನ ಹೆಣ್ಣು. ಹೋದ ವರ್ಷ ಸಮುದ್ರಕ್ಕೆ ಹೋಗಿ ಬಂದವಳೇ ಜಗಲಿ ಮೇಲೆ ಕೂತು ಹೇಳಿದ್ದಳು: "ಅಲೆ ವಾಪಸ್ ಓಯ್ತದಲ್ಲಮ್ಮ, ಆಗ ಕಾಲಡೀಲಿರೋ ಮರಳೆಲ್ಲ ಜಾರ್ಕಂಡ್ ಓಗ್ಬುಡ್ತದೆ. ನಿಂತಿರೋ ನೆಲನೇ ನಮ್ಮನ್ನ ಬುಟ್ಟು ಓದಂಗಾಯ್ತದೆ ಕಣಮ್ಮ. ಎದೆ ಧಸಕ್ ಅಂತದೆ. ಆದ್ರೂ ಇನ್ನೊಂದ್ಕಿತ ಬರ್ಲಿ ಅನ್ನುಸ್ತದೆ."

ಹುಟ್ಟಿದಾಗಿನಿಂದ ಗಟ್ಟಿ ನೆಲದ ಮೇಲೇ ನಿಂತಿದ್ದ ಮರುದೇವಮ್ಮನ ತಲೆಯಲ್ಲಿ ಆ ಮಾತು ಕೂತುಬಿಟ್ಟಿತು. ಮೂಡಬಿದಿರೆಯ ಬಸದಿಗಳಿಗೆ ಅವರು ಗಂಡ ಇದ್ದಾಗಲೂ ಹೋಗಿದ್ದರು, ಗಂಡ ತೀರಿಕೊಂಡ ಮೇಲೂ ಹೋಗಿದ್ದರು. ಸಮುದ್ರ ಅಲ್ಲಿಂದ ಏನೂ ದೂರವಲ್ಲ. ಆದರೆ ಪ್ರತಿಸಲವೂ ಯಾರಾದರೊಬ್ಬರು "ಮುಂದಿನ ಸಲ ನೋಡೋಣ" ಎನ್ನುತ್ತಿದ್ದರು, ಗಾಡಿ ಶಿರಾಡಿ ಘಾಟಿ ಹತ್ತುತ್ತಿತ್ತು. ಈಗ ಮಂಡಿಯೂ ಮಾತು ಕೇಳುತ್ತಿರಲಿಲ್ಲ. ಮುಂದಿನ ಸಲದ ಮೇಲೆ ಅವರಿಗೆ ನಂಬಿಕೆ ಹೋಗಿತ್ತು.

ದಸರಾ ರಜೆಗೆ ಮತ್ತೆ ಮೂಡಬಿದಿರೆ ಎಂದಾಯಿತು. ಅಲ್ಲಿಂದ ಒಂದು ಇಡೀ ದಿನ ಸಮುದ್ರಕ್ಕೆ. ಅನಂತ್ ತಕ್ಷಣ ವಾಟ್ಸಾಪ್‌ನಲ್ಲಿ 'ಅಮ್ಮನ ಸಮುದ್ರ' ಎಂಬ ಗುಂಪು ಮಾಡಿದ. ಅದರಲ್ಲಿ ಹಾಸನದ ಕಾಲೇಜಿನಲ್ಲಿ ಪಾಠ ಮಾಡುವ ಹೆಂಡತಿ ಪ್ರಾರ್ಥನಾ ಇದ್ದಳು, ಪಿಯುಸಿ ಓದುವ ಮಗಳು ತ್ರಿಷಾ ಇದ್ದಳು, ಸೋದರಮಾವ ಜಿನ್ನಪ್ಪ ಇದ್ದರು. ಅಮ್ಮ ಇರಲಿಲ್ಲ. ಅಮ್ಮನ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಫೋನು.

ಅನಂತನ ಬಾಯಲ್ಲಿ ಈಗ ಒಂದೇ ಮಂತ್ರ: ಬೀಚ್ ಫ್ಯಾಮಿಲಿ ಫ್ರೆಂಡ್ಲಿ ಆಗಿರಬೇಕು. ಅಂದರೆ ಕುಡುಕರಿರಬಾರದು. ಅರೆಬಟ್ಟೆಯವರು ಕಣ್ಣಿಗೆ ಬೀಳಬಾರದು. ಅಲೆ ಇರಬೇಕು, ಆದರೆ ಜೋರಾಗಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮೀನಿನ ವಾಸನೆ ಬರಬಾರದು. ನಾವು ಎಷ್ಟೆಂದರೂ ಜೈನರು ಎನ್ನುತ್ತಿದ್ದ. ಅಂಗಡಿಯಲ್ಲಿ ಕೂತು ಅವನು ಊರೂರಿನವರು ಬರೆದ ಅಭಿಪ್ರಾಯಗಳನ್ನೆಲ್ಲ ಓದಿದ. ಒಂದು ಬೀಚಿಗೆ ಯಾರೋ ಪುಣ್ಯಾತ್ಮ ಐದು ನಕ್ಷತ್ರ ಕೊಟ್ಟು 'ತಾಜಾ ಮೀನು ಸಿಗುತ್ತದೆ' ಎಂದು ಬರೆದಿದ್ದ. ಅದು ಅಲ್ಲಿಗೇ ಖಲಾಸ್.

ಜಿನ್ನಪ್ಪ ಗೊರೂರು ಡ್ಯಾಮಿನ ಕ್ವಾರ್ಟರ್ಸ್‌ನಲ್ಲೇ ನೌಕರಿ ಮುಗಿಸಿದವರು. ಟೈಪ್ ಮಾಡುವ ತಾಳ್ಮೆ ಇಲ್ಲದೆ ಧ್ವನಿಯನ್ನೇ ಕಳಿಸಿದರು: "ಸಮುದ್ರದಲ್ಲಿ ಮೀನಿರ್ದೆ ಇನ್ನೇನು ಹಸ ಕಟ್ಟಿರ್ತಾರೇನ್ಲಾ? ನೀರು ಎಲ್ಲಾದ್ರೂ ನೀರೇ ಕಣೋ. ಅಕ್ಕನ್ನ ಗೊರೂರಿಗೆ ಕರ್ಕಂಡ್ ಬಾ, ಹಿನ್ನೀರಲ್ಲಿ ನಿಲ್ಸಿ ಇದೇ ಸಮುದ್ರ ಅನ್ನಣ. ಅವ್ಳಿಗೇನ್ ಗೊತ್ತಾಯ್ತದೆ."

ಅಕ್ಕನಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಅನಂತ್ ಅದನ್ನು ಜೋರಾಗಿ ಹಾಕಿ ಕೇಳುತ್ತಿದ್ದಾಗ ಅವರು ಪಕ್ಕದಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಯಾವ್ದಾದ್ರೂ ಆಗ್ಲಿ ಬುಡೋ," ಎಂದರು. "ಉಪ್ಪುನೀರಿದ್ರೆ ಸಾಕು ನಂಗೆ."

"ನಿನಗೆ ಗೊತ್ತಾಗಲ್ಲ, ಸುಮ್ನಿರಮ್ಮ. ಇಷ್ಟೆಲ್ಲ ಮಾಡ್ತಿರೋದು ನಿನಗೋಸ್ಕರಾನೇ ತಾನೇ?"

ಮರುದೇವಮ್ಮ ಇನ್ನೊಂದು ಹುರುಳಿಕಾಯಿ ಎತ್ತಿಕೊಂಡರು. ತಮಗೋಸ್ಕರ ನಡೆಯುವ ಕೆಲಸದಲ್ಲಿ ತಾವು ಬಾಯಿ ಹಾಕಬಾರದೆಂಬ ರೂಢಿ ಅವರಿಗೆ ಹಳೆಯದು.

ಆ ದಿನ ಬಂತು. ಮೂಡಬಿದಿರೆಯ ಬಸದಿಯಲ್ಲಿ ಪೂಜೆ ಮುಗಿಸಿ, ಊಟ ಮಾಡಿ, ಸಂಜೆಯ ಬುತ್ತಿ ಕಟ್ಟಿ, ನೀರು ಸೋಸಿ ತುಂಬಿಕೊಂಡು ಕಾರು ಹತ್ತುವ ಹೊತ್ತಿಗೆ ಬಿಸಿಲು ಆಗಲೇ ಇಳಿಮುಖವಾಗಿತ್ತು. ಮರುದೇವಮ್ಮ ಹಿಂದಿನ ಸೀಟಿನಲ್ಲಿ ಕೂತವರೇ ಚಪ್ಪಲಿ ಕಳಚಿಟ್ಟರು. ಅವರ ಸಂಭ್ರಮ ಕಂಡು ಪಕ್ಕದಲ್ಲಿದ್ದ ತ್ರಿಷಾಗೆ ನಗು ಬಂತು.

ಮೊದಲನೆಯ ಬೀಚಿನಲ್ಲಿ ದಡದುದ್ದಕ್ಕೂ ಬಲೆ ಒಣಹಾಕಿದ್ದರು. ಅನಂತ್ ಗಾಜು ಒಂದು ಬೆರಳು ಇಳಿಸಿ ಮೂಗಾಡಿಸಿದ, ಏರಿಸಿದ, ಗಾಡಿ ತಿರುಗಿಸಿದ. ಎರಡನೆಯದರಲ್ಲಿ ನಾಲ್ಕು ಜನ ಹುಡುಗರು ಬಾಟಲಿ ಹಿಡಿದು ಕೂತಿದ್ದರು. ಅದರಲ್ಲಿ ನಿಂಬೆ ಸೋಡಾ ಇದ್ದರೂ ಇರಬಹುದು, ಆದರೆ ಇಳಿದು ಕೇಳುವವರು ಯಾರು. ಮೂರನೆಯದರಲ್ಲಿ ಮೀನೂ ಇಲ್ಲ, ಕುಡುಕರೂ ಇಲ್ಲ, ಜನರೇ ಇಲ್ಲ. "ಜನ ಇಲ್ಲ ಅಂದ್ಮೇಲೆ ಏನೋ ಅಪಾಯ ಇರುತ್ತೆ. ಟಾಯ್ಲೆಟ್ಟೂ ಇರಲ್ಲ," ಎಂದಳು ಪ್ರಾರ್ಥನಾ. ಅನಂತನಿಗೂ ಹೌದೆನ್ನಿಸಿತು.

ಪ್ರತಿಸಲ ಗಾಡಿ ನಿಂತಾಗಲೂ ಮರುದೇವಮ್ಮನ ಕೈ ಬಾಗಿಲ ಹಿಡಿಗೆ ಹೋಗುತ್ತಿತ್ತು. ಗಾಡಿ ತಿರುಗಿದಾಗ ವಾಪಸು ಮಡಿಲಿಗೆ ಬರುತ್ತಿತ್ತು. ತೆಂಗಿನ ಮರಗಳ ಸಂದಿಯಲ್ಲಿ ನೀರು ಒಂದಿಷ್ಟು ಹೊಳೆದು ಮರೆಯಾಗುತ್ತಿತ್ತು. ಅವರಿಗೆ ಅಳು ಬಂದಂತಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಕೊನೆಗೂ ಅನಂತನ ಲೋಟ ಸಿಕ್ಕಿತು. ಆ ಬೀಚಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಬೇರೆ ಸಂಸಾರಗಳೂ ಹೋಗಿ ಹಾಳಾಗುತ್ತವೆ. ಟೈಲ್ಸ್ ಹಾಕಿದ ದಾರಿ, ಕಂಬಿಬೇಲಿ, ಟಿಕೆಟ್ಟು ಕೊಟ್ಟು ಗಾಡಿ ನಿಲ್ಲಿಸುವ ಜಾಗ, ಫಳಫಳ ಹೊಳೆಯುವ ಶೌಚಾಲಯ. ಗೇಟಿನಲ್ಲಿ ದೊಡ್ಡ ಬೋರ್ಡು: ಸೂರ್ಯಾಸ್ತದ ನಂತರ ನೀರಿಗೆ ಇಳಿಯುವಂತಿಲ್ಲ. ಗೇಟಿನ ಪಕ್ಕದಲ್ಲೇ ಒಬ್ಬ ಕಾವಲಿಯ ಮೇಲೆ ಮೀನು ಹುರಿಯುತ್ತಿದ್ದ. ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಮೀನು ತಪ್ಪಲಿಲ್ಲ. ಅಷ್ಟರಲ್ಲಿ ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದ.

ಆಗ ಪ್ರಾರ್ಥನಾ ಕೈಗಡಿಯಾರ ನೋಡಿ, "ಅಯ್ಯೋ, ಊಟ," ಎಂದಳು.

ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ತುತ್ತು ಎತ್ತುವುದಿಲ್ಲ. ಅದು ತಲೆತಲಾಂತರದಿಂದ ನಡೆದುಬಂದದ್ದು. ಅದನ್ನು ಅನಂತನಿಗೆ ಕಿವಿ ಹಿಂಡಿ ಕಲಿಸಿದವರೇ ಮರುದೇವಮ್ಮ. ಬೀಚಿಗೆ ನೂರೆಂಟು ಪರೀಕ್ಷೆ ಇಟ್ಟ ಮಗರಾಯ ಇದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರ ಊಟವೂ ಬೀಚಿನವರ ನೀರೂ ಒಂದೇ ಹೊತ್ತಿಗೆ ಬಾಗಿಲು ಹಾಕುತ್ತಿದ್ದವು.

"ಕಾರಲ್ಲೇ ತಿಂದುಬಿಡೋಣ," ಎಂದ ಅನಂತ್, ಗಾಜು ಪೂರ್ತಿ ಏರಿಸಿ. "ಹೊರಗೆ ಆ ವಾಸನೇಲಿ ಆಗಲ್ಲ. ಅಮ್ಮ, ಇಲ್ಲಿಂದಾನೇ ಸಮುದ್ರ ಎಷ್ಟು ಚೆನ್ನಾಗಿ ಕಾಣುತ್ತೆ ನೋಡು. ನೀರಿಗೆ ಮುಂದಿನ ಸಲ ಇಳಿಯೋಣ."

ಡಬ್ಬಿಗಳು ತೆರೆದುಕೊಂಡವು. ಚಪಾತಿ, ಬಾಳೆಕಾಯಿ ಪಲ್ಯ, ಚಿತ್ರಾನ್ನ. ಅನಂತ್ ಮೊದಲ ತುತ್ತು ಬಾಯಿಗಿಟ್ಟ. ಪ್ರಾರ್ಥನಾ ತಟ್ಟೆ ಹಿಂದಕ್ಕೆ ಚಾಚಿದಳು. "ತಗೊಳ್ಳಿ ಅತ್ತೆ, ಬೇಗ."

ಮರುದೇವಮ್ಮ ತಟ್ಟೆ ನೋಡಿದರು. ಆಚೆಗೆ ನೀರು ನೋಡಿದರು. ಹಸಿವೂ ಆಗಿತ್ತು, ಬಾಳೆಕಾಯಿ ಪಲ್ಯ ಅವರಿಗೆ ಇಷ್ಟ ಕೂಡ.

"ನಂಗೆ ಬ್ಯಾಡ," ಎಂದರು. "ಉಪವಾಸ."

ಕಾರಿನೊಳಗೆ ಅಗಿಯುವುದು ನಿಂತಿತು.

"ಯಾವ ಉಪವಾಸ ಅತ್ತೆ? ಇವತ್ತು ಅಷ್ಟಮಿನೂ ಅಲ್ಲ, ಚತುರ್ದಶಿನೂ ಅಲ್ಲ."

"ಮಧ್ಯಾಹ್ನ ಊಟ ಮಾಡಿದ್ಯಲ್ಲಮ್ಮ," ಎಂದ ಅನಂತ್.

"ಮಾಡ್ದೆ. ಈಗ ವ್ರತ ಹಿಡಿದೆ. ಬಾಯ್ಬಿಟ್ಟು ಹೇಳಿದ್ದೂ ಆಯ್ತು. ಮುರ್ಸೋದಾದ್ರೆ ಮುರ್ಸು."

ಆ ಮನೆಯಲ್ಲಿ ಮರುದೇವಮ್ಮನ ಯಾವ ಮಾತನ್ನು ಬೇಕಾದರೂ ತೆಗೆದುಹಾಕಬಹುದಿತ್ತು, ತೆಗೆದುಹಾಕುತ್ತಲೂ ಇದ್ದರು. ಉಪವಾಸವೊಂದನ್ನು ಮುಟ್ಟುವ ಎದೆ ಯಾರಿಗೂ ಇರಲಿಲ್ಲ. ಗಂಡನ ಆಯುಸ್ಸಿಗೆ, ಮಗನ ಪರೀಕ್ಷೆಗೆ, ಸೊಸೆಯ ಹೆರಿಗೆಗೆ ಅಂತ ಜೀವಮಾನವಿಡೀ ಉಪವಾಸ ಮಾಡಿದ ಹೆಂಗಸು ಮೊದಲ ಸಲ ತಮಗೋಸ್ಕರ ಒಂದು ಹೊತ್ತಿನ ಊಟ ಬಿಟ್ಟಿದ್ದರು. ಅವರು ಬಾಗಿಲು ತೆಗೆದು ಬರಿಗಾಲಿನಲ್ಲಿ ಇಳಿದರು. ಅನಂತ್ ಏಳುವಂತಿರಲಿಲ್ಲ, ಊಟದ ನಡುವೆ ಎದ್ದು ಹೋದರೆ ವಾಪಸು ಬರುವಷ್ಟರಲ್ಲಿ ಹೊತ್ತು ಮುಳುಗಿ ಊಟ ತಪ್ಪುತ್ತಿತ್ತು. ಎರಡು ತುತ್ತನ್ನು ಒಂದು ಮಾಡಿ ನುಂಗುತ್ತಾ, "ಅಮ್ಮ, ಅಲೆ, ಹುಷಾರು," ಎಂದು ಮುಚ್ಚಿದ ಗಾಜಿನೊಳಗಿಂದ ಕೂಗಿದ.

"ನಂಗೂ ಉಪವಾಸ," ಎಂದು ತ್ರಿಷಾ ತಟ್ಟೆ ಕೆಳಗಿಟ್ಟಳು. ಅಜ್ಜಿಯ ಹಿಂದೆ ಓಡಿದಳು.

ಮರಳಿನಲ್ಲಿ ಮಂಡಿ ನೋಯಿತು. ಮರುದೇವಮ್ಮ ಲೆಕ್ಕಿಸಲಿಲ್ಲ. ಮೊಮ್ಮಗಳ ಕೈ ಹಿಡಿದು ಸೀರೆ ಎತ್ತಿಕಟ್ಟಿ ನೀರಿಗಿಳಿದರು. ಅಲೆ ಬಂತು, ಮೊಣಕಾಲು ನೆನೆಸಿ ವಾಪಸಾಯಿತು. ಆಶಾರಾಣಿ ಸುಳ್ಳು ಹೇಳಿರಲಿಲ್ಲ. ಅಂಗಾಲಿನ ಕೆಳಗಿಂದ ನೆಲ ಸರಸರನೆ ಜಾರಿತು, ಎದೆ ಧಸಕ್ಕೆಂದಿತು. ಗಾಳಿಯ ಜೊತೆ ಮೀನಿನ ವಾಸನೆಯೂ ಬಂತು. ಸಮುದ್ರವೆಂದ ಮೇಲೆ ಅದರ ಮನೆಯವರೂ ಇರುತ್ತಾರೆ ಅಂದುಕೊಂಡು ಅವರು ಮೂಗು ಮುಚ್ಚಲಿಲ್ಲ. ಬಹಳ ವರ್ಷಗಳ ಮೇಲೆ ಅವರಿಗೆ ತುಂಬಾ ಸುಖವೆನ್ನಿಸಿತು. ಹೊತ್ತು ಮುಳುಗಿತೆಂದು ಬೀಚಿನ ಕಾವಲುಗಾರ ಸೀಟಿ ಊದಿದ. ಅವರು ಇನ್ನೊಂದು ಅಲೆ ಬರುವ ತನಕ ನಿಂತೇ ಇದ್ದರು.

ಕಾರಿಗೆ ಬರುವಷ್ಟರಲ್ಲಿ ಅನಂತ್ ಊಟ ಮುಗಿಸಿ, 'ಅಮ್ಮನ ಸಮುದ್ರ'ಕ್ಕೆ ಒಂದು ಚಿತ್ರ ಕಳಿಸಿದ್ದ. ಕೆಳಗೆ ಬರೆದಿದ್ದ: 'ಅಮ್ಮನ ಬಹುದಿನದ ಆಸೆ ಈಡೇರಿಸಿದೆ.' ಚಿತ್ರದಲ್ಲಿ ಸೂರ್ಯ ಇದ್ದ, ಕಂಬಿಬೇಲಿ ಇತ್ತು, ಗಾಜಿನ ಮೇಲೆ ಅವನದೇ ತಟ್ಟೆಯ ನೆರಳು ಬಿದ್ದಿತ್ತು. ಅಮ್ಮ ಎಲ್ಲೂ ಇರಲಿಲ್ಲ. ಜಿನ್ನಪ್ಪ ಆಗಲೇ ಹೆಬ್ಬೆರಳು ಎತ್ತಿದ್ದರು.

"ಖುಷಿಯಾಯ್ತಾ ಅಮ್ಮ?" ಎಂದು ಕೇಳಿದ, ಬೆನ್ನು ತಟ್ಟಿಸಿಕೊಳ್ಳುವವನ ಹಾಗೆ.

ಮರುದೇವಮ್ಮ ಒದ್ದೆ ಸೀರೆಯಲ್ಲೇ ಕೂತು ಕಾಲ್ಬೆರಳ ಸಂದಿಯ ಮರಳನ್ನು ಬೆರಳಿನಿಂದ ತೆಗೆದು ನೋಡುತ್ತಿದ್ದರು. ಹೊಟ್ಟೆ ಚುರುಗುಟ್ಟುತ್ತಿತ್ತು.

"ನಾಳೆ ಊರಿಗೋಗೋ ಮುಂಚೆ ಇನ್ನೊಂದ್ಕಿತ ಬರಣ," ಎಂದರು. "ಆ ಬಲೆ ಒಣಾಕಿದ್ರಲ್ಲ, ಆ ಮೊದಲ್ನೇದುಕ್ಕೆ."

"ಅಲ್ಲಿ ಊಟಕ್ಕೆ ಎಲ್ಲಿ ಕೂತ್ಕೊಳೋದಮ್ಮ?"

"ನೀವ್ ಕಾರಲ್ಲಿ ಕೂತ್ಕಳಿ. ನಂಗೆ ನಾಳೆನೂ ಉಪವಾಸ."