ಕಿಟಕಿ ಬಡಿದ ಕೈ

ಭಾವ ಆಳುದ್ದದ ಆಮ್ಲಜನಕದ ಚೀಲದೊಳಗೆ ನುಸುಳಿ ಮಲಗಿದ. ಬಾಕ್ಸಿಂಗ್ ಶಾಲೆಯ ನೆಲಮಾಳಿಗೆಯಲ್ಲಿ ಆ ಚೀಲವನ್ನು ನೋಡಿಕೊಳ್ಳುವುದು ಅವನ ಹೆಂಡತಿಯ ತಮ್ಮನ ಕೆಲಸ. ಒಳಗೆ ಗಾಳಿಯ ಒತ್ತಡ ತುಸು ಏರಿಸಿ ಆಮ್ಲಜನಕ ಕೊಟ್ಟರೆ ಊತ ಬೇಗ ಇಳಿಯುತ್ತದೆಂದು ಬಾಕ್ಸರ್‌ಗಳ ನಂಬಿಕೆ. ಭಾವನ ಬಲಗೈ ಊದಿತ್ತು. ಬಟ್ಟೆ ಸುತ್ತಿಕೊಂಡಿದ್ದ. ಭಾನುವಾರ ಫೈನಲ್.

"ಪ್ರಾಕ್ಟೀಸಲ್ಲಿ ಪೆಟ್ಟಾಯ್ತು ಕಣೋ."

"ಶೀತ ಇಲ್ಲ ತಾನೆ ಭಾವ? ಮೂಗು ಕಟ್ಟಿದ್ರೆ ಒತ್ತಡಕ್ಕೆ ಕಿವಿ ಹೋಗುತ್ತೆ."

"ಹತ್ತು ಸಲ ಮುರಿದ ಮೂಗು, ಯಾವತ್ತು ಕಟ್ಟದೆ ಇತ್ತು? ಬಲೂನ್ ಊದೋ ಭಾಮೈದ, ಭಾಷಣ ಸಾಕು."

"ಅಕ್ಕ ಬೆಳಗ್ಗಿಂದ ಫೋನ್ ಎತ್ತಿಲ್ಲ."

"ಮಲಗಿದಾಳೆ."

ತಮ್ಮ ಜಿಪ್ ಎಳೆದು ಹೊರಗಿನ ಪಟ್ಟಿಗಳನ್ನು ಬಿಗಿದ. ಯಂತ್ರ ಗುಂಯ್‌ಗುಟ್ಟಿತು. ಚೀಲ ಉಬ್ಬಿ ಗಟ್ಟಿಯಾಗುತ್ತಿದ್ದಂತೆ ಭಾವ ಒಳಗಿನಿಂದ ಅದರ ಪ್ಲಾಸ್ಟಿಕ್ ಕಿಟಕಿ ಬಡಿದ. ಬಡಿದರೆ ಗಾಳಿ ನಿಲ್ಲಿಸಬೇಕು, ಅದು ಇಲ್ಲಿನ ಕಟ್ಟಳೆ. ತಮ್ಮನ ಕೈ ಯಂತ್ರ ನಿಲ್ಲಿಸುವ ಗುಂಡಿಗೆ ಹೋಯಿತು.

ಬಡಿತಕ್ಕೆ ಬಟ್ಟೆ ಬಿಚ್ಚಿಕೊಂಡಿತ್ತು. ಬೆರಳಿನ ಗೆಣ್ಣಿನ ಮೇಲೆ ಎರಡು ಸಣ್ಣ ಬಾಗಿದ ಗಾಯ. ಹಲ್ಲಿನ ಗಾಯ. ಪ್ರಾಕ್ಟೀಸಿನಲ್ಲಿ ಕೈಗೆ ಗ್ಲೌಸ್ ಇರುತ್ತದೆ, ಎದುರಿನವನ ಹಲ್ಲಿಗೆ ರಬ್ಬರಿನ ಕವಚ.

ತಮ್ಮ ಕೈ ಹಿಂದೆಗೆದ.

"ಯಾರ ಹಲ್ಲು ಭಾವ?"

ಒಳಗಿನ ಕೂಗು ಗೋಡೆಯಾಚೆ ಯಾರೋ ಅತ್ತಂತೆ ಕೇಳಿಸಿತು. ಭಾವ ಗುದ್ದಿದ, ಒದ್ದ, ಎರಡೂ ಕಿವಿ ಹಿಡಿದು ಹೊರಳಾಡಿದ. ಕಿವಿಯಿಂದ ಇಳಿದ ರಕ್ತ ಕಿಟಕಿಗೆ ಬಳಿದುಕೊಂಡಿತು. ಆಗ ಮಾತ್ರ ತಮ್ಮ ಗಾಳಿ ಬಿಟ್ಟ, ಜಿಪ್ ತೆರೆದ.

ಭಾವ ಹೊರಬಿದ್ದವನೇ ಗುದ್ದಿದ. ತಮ್ಮನ ತುಟಿ ಹರಿಯಿತು. ಎರಡನೆಯ ಗುದ್ದು ಗುರಿ ತಪ್ಪಿತು. ಕಿವಿಯ ಜೊತೆ ಸಮತೋಲವೂ ಹೋಗಿತ್ತು. ಕುಡಿದವನ ಹಾಗೆ ತಿರುಗಿ ನೆಲಕ್ಕೆ ಬಿದ್ದ. ತಮ್ಮ ಆ ಊದಿದ ಕೈಯನ್ನೇ ಹುಡುಕಿ ಬೂಟುಗಾಲಿನಿಂದ ತುಳಿದ, ಲಟಕ್ಕನೆ ಸದ್ದಾಗುವ ತನಕ.

ಅಕ್ಕನ ಮನೆಗೆ ಓಡಿದ. ಎಷ್ಟೋ ಹೊತ್ತು ಬಡಿದ ಮೇಲೆ ಬಾಗಿಲು ಒಂದು ಗೇಣು ತೆರೆಯಿತು. ಅವಳ ಬಾಯಿ ಬಾತು ಕಪ್ಪಾಗಿತ್ತು. ತಮ್ಮನ ಅಂಗಿಯ ಮೇಲಿನ ರಕ್ತ ನೋಡಿದಳು.

"ಅವನ ಬಲಗೈ ಮುರಿದೆ ಅಕ್ಕ. ಇನ್ನು ಎತ್ತೋಕಾಗಲ್ಲ."

ಅವಳು ಬಾಗಿಲನ್ನು ಇನ್ನಷ್ಟು ತೆರೆದಳು.

"ಎಡಗೈ?"

ಅಕ್ಕ ಬರಿಗಾಲಲ್ಲೇ ಹೊಸಿಲು ದಾಟಿ ಅವನ ತೋಳು ಹಿಡಿದಳು. ಬಾಗಿಲು ಹಾಕಲು ಅವನು ತಿರುಗಿದರೆ, ಬಿಡಲಿಲ್ಲ.

"ನಡಿ. ಅವನು ಬರೋದ್ರೊಳಗೆ."