ಅಳಿಸಿದ ಆಟದ ಕಾವಲುಗಾರ

ನಮ್ಮ ಕಡೆ ಮದುವೆಯ ಅರಿಶಿನದ ದಿನ ಹೆಣ್ಣುಮಕ್ಕಳು ಒಳಕೋಣೆಯಲ್ಲಿ ಕೂಡಿದರೆಂದರೆ ಬಾಗಿಲಲ್ಲಿ ಒಬ್ಬ ಅಜ್ಜಿ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಒಳಗೆ ಹೋಗುವವರ ಫೋನೆಲ್ಲ ಆ ಬುಟ್ಟಿಗೆ ಬೀಳಬೇಕು. ಮನೆಯ ಸೊಸೆಯಾದರೂ ಅಷ್ಟೇ, ಶಾಲೆಯ ಟೀಚರಮ್ಮನಾದರೂ ಅಷ್ಟೇ. ಯಾರೋ ಫೋಟೋ ತೆಗೆದು ಊರಿಗೆಲ್ಲ ಹಂಚಿದರೆ ಗತಿಯೇನು ಎಂಬ ಹೆದರಿಕೆ ಯಾವ ಮನೆಗೂ ತಪ್ಪಿದ್ದಲ್ಲ.

ಒಳಗೆ ಬಿಡುವುದು ಒಂದೇ ಕ್ಯಾಮೆರಾ. ಅದು ಮಸ್ಕಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಶಾಹೀಸ್ತಾಳದು. "ನಾ ಬಿಟ್ಟು ಇನ್ನೊಬ್ರ ಕಣ್ಣು ಬೀಳಂಗಿಲ್ಲ" ಎಂದು ಆಕೆ ಪ್ರತಿ ಮನೆಯಲ್ಲೂ ಮಾತು ಕೊಡುತ್ತಾಳೆ. ಆಕೆಯ ಅನ್ನ ನಿಂತಿರುವುದು ಆ ಮಾತಿನ ಮೇಲೆ.

ಮದುವೆಯ ಆಲ್ಬಮ್ ಮಾಡಲು ಜೋರು ಕಂಪ್ಯೂಟರ್ ಬೇಕು. ದೊಡ್ಡ ಆಟಗಳಿಗೂ ಅಂಥದ್ದೇ ಬೇಕು. ಶಾಹೀಸ್ತಾಳ ತಮ್ಮ ಜಾಹೀದ್ ಅದೇ ಸ್ಟುಡಿಯೋದಲ್ಲಿ ಗಂಡಸರ ಕಡೆಯ ವಿಡಿಯೋ ಕೆಲಸ ಮಾಡುತ್ತಾನೆ. ಆಷಾಢ ಬಂದು ಮದುವೆಗಳು ಕಡಿಮೆಯಾದಾಗ ಅಂಥ ಯಂತ್ರವನ್ನು ಸುಮ್ಮನೆ ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಬಂದೂಕು ಹಿಡಿದು ಓಡಾಡುವ ಒಂದು ಆನ್‌ಲೈನ್ ಆಟ ಹಾಕಿಕೊಂಡ. ಅಕ್ಕ ಬೈದ ಮೇಲೆ ಸೋಮವಾರ ಅದನ್ನು ಅಳಿಸಿಯೂ ಬಿಟ್ಟ.

ಗುರುವಾರ ಮಧ್ಯಾಹ್ನ ಶಾಹೀಸ್ತಾ ಒಬ್ಬಳೇ ಕೂತು ಲಿಂಗಸೂಗೂರಿನ ಮೆಹಬೂಬ್‌ಬೀಯ ಮಗಳ ಅರಿಶಿನದ ಫೋಟೋ ತಿದ್ದುತ್ತಿದ್ದಳು. ಪರದೆಯ ಮೂಲೆಯಲ್ಲಿ ಸಣ್ಣದೊಂದು ಚೌಕ ಮೂಡಿತು. ಆ ಆಟದ ಹೆಸರು, ಕೆಳಗೆ ಕಾವಲು ನಡೆದಿದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಓದುವಷ್ಟರಲ್ಲಿ ಮಾಯವಾಯಿತು. ಆಕೆ ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಶುರು ಮಾಡಿದಳು. ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ಆ ಚೌಕ ಆಕೆಗಿಂತ ಮೊದಲೇ ಬಂದು ಕೂತಿತ್ತು.

ಏನೂ ಕೆಲಸ ಹೇಳದಿದ್ದರೂ ಯಂತ್ರದ ಫ್ಯಾನು ಜೋರಾಗಿ ತಿರುಗತೊಡಗಿತು. ನೆಟ್ ಡಬ್ಬಿಯ ಹಸಿರು ದೀಪ ಪಟಪಟನೆ ಮಿಟುಕುತ್ತಿತ್ತು. ಮತ್ತೆ ತೆರೆದ ಫೋಟೋದಲ್ಲಿ ಪರದೆಯ ತುಂಬ ಆ ಹುಡುಗಿ, ಕೂದಲು ಬಿಟ್ಟುಕೊಂಡು, ಅರಿಶಿನ ಮೆತ್ತಿದ ಮುಖದಲ್ಲಿ ನಗುತ್ತಿದ್ದಳು. ಪರಗಂಡಸರು ಬಂದಾಗ ಮಾಡುವಂತೆ ಶಾಹೀಸ್ತಾ ತನಗೆ ಅರಿವಿಲ್ಲದೆಯೇ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡಳು. ಕೋಣೆಯಲ್ಲಿ ಯಾರೂ ಇರಲಿಲ್ಲ.

ಊಟ ಮುಗಿಸಿ ಬಂದ ಜಾಹೀದನನ್ನು ಬಾಗಿಲಲ್ಲೇ ಹಿಡಿದಳು. "ಆಟ ತೆಗೆದೀನಿ ಅಂದಿಯಲ್ಲ, ಮತ್ತ ಇದೇನಿದು?"

"ಅದು ಆಟದ ಗಾರ್ಡ್, ಆಪಾ. ಮೋಸ ಮಾಡಿ ಆಡೋರನ್ನ ಹಿಡ್ಯಾಕ ಕಂಪನಿಯವ್ರು ಹಾಕಿರ್ತಾರ. ಒಳ್ಳೇದ ಅದು."

"ಆಟನ ಇಲ್ಲಂದ ಮ್ಯಾಲ ಯಾರನ್ನ ಕಾಯಾಕತ್ತೈತಿ?"

ಜಾಹೀದ್ ಸೋಲುವ ಪೈಕಿಯಲ್ಲ. "ಆ್ಯಂಟಿವೈರಸ್ ಐತಿ ಬಿಡು, ನೀ ಸುಮ್ಮನ ಹೆದರ್ತಿ" ಎಂದು ತೋರಿಸಲು ಹೋದ. ಅದು ಬಂದ್ ಆಗಿತ್ತು.

"ನೀ ಬಂದ್ ಮಾಡೀಯೇನು, ಆಪಾ?"

"ನಾ ಯಾಕ ಮಾಡ್ಲಿ? ನೀ ಮಾಡಿಲ್ಲೇನು?"

"ಇಲ್ಲ."

ಇಬ್ಬರೂ ಆ ಹಸಿರು ದೀಪವನ್ನೇ ನೋಡುತ್ತ ನಿಂತರು.

ಸಿಂಧನೂರಿನಲ್ಲಿ ಕಂಪ್ಯೂಟರ್ ಕಲಿಸುವ ಜ್ಯೋತಿ ಶಾಹೀಸ್ತಾಳ ಜೊತೆ ಓದಿದವಳು. ಫೋನಿನಲ್ಲಿ ಎಲ್ಲ ಕೇಳಿ, "ಮೊದ್ಲ ನೆಟ್ಟಿನ ವಾಯರ್ ಕಿತ್ತಿಡು. ನಾ ಬಸ್ ಹತ್ತೀನಿ" ಎಂದಳು. ವಾಯರ್ ಕಿತ್ತರು. ದೀಪ ಆರಿತು. ಸ್ವಲ್ಪ ಹೊತ್ತಿಗೆ ಫ್ಯಾನೂ ಮೆಲ್ಲಗಾಯಿತು. ಇಷ್ಟು ಹೊತ್ತು ಏನೋ ನಡೆದಿತ್ತು ಎಂಬುದು ಅದರಿಂದಲೇ ಖಾತ್ರಿಯಾಯಿತು.

ಜ್ಯೋತಿ ಬಂದು ಗಂಟೆಗಟ್ಟಲೆ ತಡಕಾಡಿದಳು. ಆಮೇಲೆ ಕುರ್ಚಿ ತಿರುಗಿಸಿ ಕೂತಳು.

"ಬ್ಯಾರೆ ಸಾಫ್ಟ್‌ವೇರ್ ಪಡಸಾಲ್ಯಾಗ ಕುಂತು ಎದ್ದು ಹೋಗ್ತಾವ. ಇಂಥಾ ಗಾರ್ಡ್ ಹಂಗಲ್ಲ. ಮಷಿನ್ ಏಳೂ ಹೊತ್ತಿಗೇ ಇದೂ ಏಳ್ತೈತಿ. ಯಾವ ಫೈಲ್ ಬೇಕಾದ್ರೂ ನೋಡೂ ತಾಕತ್ತು, ಯಾವ ಪ್ರೋಗ್ರಾಮ್ ಬೇಕಾದ್ರೂ ನಿಲ್ಲಿಸೂ ತಾಕತ್ತು ಅದಕ್ಕೈತಿ. ಎಲ್ಲಾ ಆಟದಾಗೂ ಇರಂಗಿಲ್ಲ, ಕೆಲವೊಂದ್ರಾಗ ಇರ್ತೈತಿ. ಆಟ ಅಳಿಸಿದ್ರೂ ಇದು ಹೋಗಂಗಿಲ್ಲ, ಇದನ್ನ ಬ್ಯಾರೇನ ತಗೀಬೇಕು."

"ಅಷ್ಟ್ ದೊಡ್ಡ ಕಂಪನಿಯವ್ರು ನಮ್ಮ ಮಸ್ಕಿ ಫೋಟೋ ಕದೀತಾರೇನ್ರಿ?" ಎಂದು ಜಾಹೀದ್ ನಕ್ಕ.

"ಕದೀತಾರಂತ ನಾ ಅನ್ನಂಗಿಲ್ಲ. ಅವ್ರು ಏನ್ ನೋಡ್ತಾರ, ಏನ್ ಇಟ್ಕೋತಾರ ನಮಗ ಗೊತ್ತಾಗಂಗಿಲ್ಲ, ಅದು ಒಂದು. ಆ ಗಾರ್ಡಿನಾಗ ಸಣ್ಣ ತೂತು ಉಳೀತಂದ್ರ ಬ್ಯಾರೆ ಕಳ್ಳರಿಗೂ ಅಷ್ಟ ತಾಕತ್ತು ಸಿಗ್ತೈತಿ. ಖರೇ ಹೇಳು, ಆಟದ ಜೊತಿಗೆ ಇನ್ನೇನರ ಹಾಕಿದ್ದೇನು?"

ಜಾಹೀದನ ನಗು ಇಳಿಯಿತು. "ಆಟ ಆಡೋರ ಗ್ರೂಪಿನಾಗ ಒಂದು ಫೈಲ್ ಬಂದಿತ್ರಿ. ಹೊಸ ಬಂದೂಕು ಪುಕ್ಕಟೆ ಸಿಗ್ತಾವ ಅಂತ."

"ಸಿಕ್ಕುವೇನು?"

"ಇಲ್ಲ."

"ಆ ಫೈಲ್ ಈ ಗಾರ್ಡಿನ ತಾಕತ್ತು ಹಿಡ್ಕೊಂಡು ನಿಮ್ಮ ಆ್ಯಂಟಿವೈರಸ್ ಮಲಗಿಸೈತಿ. ನೆಟ್ಟಿನ ಲೆಕ್ಕ ನೋಡಿದ್ರ, ಮೂರು ದಿನದಾಗ ಇಲ್ಲಿಂದ ರಾಶಿಗಟ್ಟಲೆ ಹೊರಗ ಹೋಗೈತಿ."

"ಏನ್ ಹೋಗೈತಿ?" ಎಂದು ಶಾಹೀಸ್ತಾ ಕೇಳಿದಳು.

"ಅದನ್ನ ಹೇಳಾಕ ಬರಂಗಿಲ್ಲ. ಫೋಟೋ ಇರಬಹುದು, ಇಲ್ಲದಿರಬಹುದು. ಯಾರ ಕೈಗೆ ಅಂತನೂ ಗೊತ್ತಾಗಂಗಿಲ್ಲ."

ಜ್ಯೋತಿ ಯಂತ್ರವನ್ನು ಪೂರಾ ಒರೆಸಿ ಹೊಸದಾಗಿ ಸಿದ್ಧ ಮಾಡಬೇಕೆಂದಳು. ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಿಸಲು ಹೇಳಿದಳು. ಒರೆಸುವ ಮೊದಲು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಪೊಲೀಸರಿಗೆ ದೂರು ಕೊಡಿ ಎಂದಳು. ಆಕೆ ಹೋದ ಮೇಲೆ ಜಾಹೀದ್ ಮೆಲ್ಲಗೆ ಬಾಯಿ ಬಿಟ್ಟ.

"ಯಾರಿಗೂ ಹೇಳೂದು ಬ್ಯಾಡ, ಆಪಾ. ಹೇಳಿದ್ರ ಸ್ಟುಡಿಯೋ ಮುಚ್ಚಬೇಕಾಗ್ತೈತಿ."

"ಮಾತು ಕೊಟ್ಟಾಕಿ ನಾನು. ಮುಚ್ಚಿದ್ರ ಮುಚ್ಚಲಿ."

ಯಂತ್ರದಲ್ಲಿ ಆಗ ಇದ್ದದ್ದು ಮೆಹಬೂಬ್‌ಬೀಯ ಮನೆಯ ಫೋಟೋ ಮಾತ್ರ. ಮರುದಿನ ಇಬ್ಬರೂ ಲಿಂಗಸೂಗೂರಿಗೆ ಹೋದರು. ಮೆಹಬೂಬ್‌ಬೀ ಆಲ್ಬಮ್ ತಂದಿದ್ದಾರೆಂದು ಸಂಭ್ರಮದಿಂದ ಚಾಪೆ ಹಾಸಿದಳು. ಶಾಹೀಸ್ತಾಳಿಗಿಂತ ಮೊದಲು ಮಾತಾಡಿದವನು ಜಾಹೀದ್.

"ಖಾಲಾ, ಆಟ ಹಾಕಿದಾವ ನಾನ. ತಪ್ಪು ನಂದು." ಮುಚ್ಚಿಡದೆ ಎಲ್ಲವನ್ನೂ ಹೇಳಿದ.

ಮೆಹಬೂಬ್‌ಬೀ ಎದ್ದು ಬೀದಿಬಾಗಿಲು ಮುಚ್ಚಿ ಬಂದಳು. "ಯಾರ್ ನೋಡ್ಯಾರ?"

"ಗೊತ್ತಿಲ್ಲ, ಖಾಲಾ. ಯಾರೂ ನೋಡಿರಲಿಕ್ಕಿಲ್ಲ."

"ಗೊತ್ತಿಲ್ಲಂದ್ರ, ಇನ್ನ ದಾರ್ಯಾಗ ನನ್ನ ಮಗಳನ್ನ ನೋಡಿ ಯಾರ್ ನಕ್ಕರೂ ನನಗ ಅದ ನೆನಪಾಗ್ತೈತಿ."

ಹಟ್ಟಿ ಊರಿನ ಗಂಡನ ಮನೆಯಿಂದ ಬಂದಿದ್ದ ಮಗಳು ಒಳಕೋಣೆಯ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನಾ ಕೂದಲು ಬಿಟ್ಟು ನಗಾಕತ್ತಿದ್ದೆನಲ್ಲ, ಆ ಫೋಟೋನೂ ಇತ್ತೇನು, ಆಪಾ?"

"ಇತ್ತವ್ವ."

ಹುಡುಗಿ ಅಳಲಿಲ್ಲ. ಬುರ್ಖಾ ಹಾಕಿಕೊಂಡು ಬಂದು, "ನಡೀರಿ, ದೂರು ಕೊಡೂಣು" ಎಂದಳು. ನಾಲ್ವರೂ ಕೂಡಿಯೇ ಠಾಣೆಗೆ ಹೋದರು. ಈಗ ಫೋಟೋ ಇಡುವ ಕಂಪ್ಯೂಟರಿಗೆ ನೆಟ್ ಇಲ್ಲ, ಆಟವಂತೂ ಇಲ್ಲವೇ ಇಲ್ಲ. ಜಾಹೀದ್ ಆಟ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಚಿಕ್ಕಪುಟ್ಟದ್ದು ಆಡುತ್ತಾನೆ, ಅದರಲ್ಲಿ ಒಬ್ಬರದೂ ಫೋಟೋ ಇಟ್ಟಿಲ್ಲ.

ಅಣ್ಣಗಳಿರಾ, ಅಕ್ಕಗಳಿರಾ, ನಿಮ್ಮ ಅಂಗಡಿಯಲ್ಲೋ ಮನೆಯಲ್ಲೋ ಇಂಥ ಕಂಪ್ಯೂಟರ್ ಇದ್ದರೆ ಇವತ್ತೇ ತೆರೆದು ನೋಡಿ. ಯಾವ ಆಟದ ಕಾವಲು ಒಳಗೆ ಕೂತಿದೆ, ಆಟ ಹೋದ ಮೇಲೂ ಉಳಿದಿದೆಯೇ ಎಂದು ತಿಳಿದವರನ್ನು ಕೇಳಿ ತೆಗೆಸಿ. ಬೇರೆಯವರ ಫೋಟೋ, ಕಾಗದಪತ್ರ ಇರುವ ಯಂತ್ರದಲ್ಲಿ ಆಟ ಹಾಕಬೇಡಿ. ಪುಕ್ಕಟೆ ಎಂದು ಗ್ರೂಪಿನಲ್ಲಿ ಬಂದ ಫೈಲನ್ನು ಮುಟ್ಟಲೇಬೇಡಿ. ಆ್ಯಂಟಿವೈರಸ್ ಬಂದ್ ಮಾಡು ಎಂದು ಯಾರು ಹೇಳಿದರೂ ಕೇಳಬೇಡಿ.

ಆ ಹುಡುಗಿಯ ಫೋಟೋ ಇವತ್ತಿನವರೆಗೆ ಎಲ್ಲೂ ಕಾಣಿಸಿಕೊಂಡಿಲ್ಲ. ಆದರೆ ಮೆಹಬೂಬ್‌ಬೀ ದಿನಾ ಫೋನಿನಲ್ಲಿ ಅದನ್ನು ಹುಡುಕುವುದು ನಿಂತಿಲ್ಲ. ನಿಮ್ಮನ್ನು ನಂಬಿದವರನ್ನು ಈ ಹುಡುಕಾಟಕ್ಕೆ ಹಚ್ಚಬೇಡಿ.